ಕಾಕಾನ ಲಂಬರೇಖೆ ಮತ್ತು ನನ್ನ ಮದುವೆ

ನಮ್ಮ ಕಾಕಾ ಇದುವರೆಗೆ ಒಬ್ಬರನ್ನಾದರೂ “ಆರಾಮ ಅದೀರಿ?” ಎಂದು ಕೇಳಿದ್ದನ್ನು ನೀವು ಕಂಡಿದ್ದರೆ ಹೇಳಿ, ನಾನು ನನ್ನ ಹೆಸರನ್ನೇ ಬದಲಿಸಿಕೊಳ್ಳುತ್ತೇನೆ. ಅವರ ಕುಶಲೋಪರಿಯೇ ಬೇರೆ.

“ವೈ ಈಕ್ವಲ್ ಟು ಎರಡು ಎಕ್ಸ್ ಪ್ಲಸ್ ಮೂರು. ಈ ಗೆರಿಗೆ ಲಂಬ ಆಗೋ ಗೆರಿ ಇಳಿಜಾರು ಎಷ್ಟು?”

ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ. ಈಗ ಇಡೀ ವಿಜಯಪುರವೇ ಅವರಿಗೆ ಹತ್ತನೇ ಇಯತ್ತೆ! ಉತ್ತರವೇನೋ ಸುಲಭ. ಎಕ್ಸ್ ಮುಂದಿನ ಎರಡನ್ನು ತಲೆಕೆಳಗು ಮಾಡಿದರೆ ಅರ್ಧ, ಚಿಹ್ನೆ ಬದಲಿಸಿದರೆ ಮೈನಸ್ ಅರ್ಧ. ಆದರೆ ಜನ ಚಿಹ್ನೆಯನ್ನಷ್ಟೇ ಬದಲಿಸಿ ‘ಮೈನಸ್ ಎರಡು’ ಎಂದು ಕೈತೊಳೆದುಕೊಳ್ಳುತ್ತಾರೆ. “ಅರ್ಧಾ ಕೆಲಸ ಮಾಡಿ ಎದ್ದು ಹೋಗ್ತಾರ ನೋಡು” ಎಂದು ಕಾಕಾ ಉಂಡದ್ದು ಕರಗದವರಂತೆ ಸಂಕಟಪಡುತ್ತಾರೆ.

ನಮ್ಮ ಜಲನಗರದ ಆಟೋದವರು ಈಗ ಪಳಗಿಬಿಟ್ಟಿದ್ದಾರೆ. ಕಾಕಾನನ್ನು ಕಂಡೊಡನೆ, “ಮೈನಸ್ ಅರ್ಧರಿ ಸರ. ಕುಂದರ್ರಿ, ಎಲ್ಲಿಗೆ ಹೋಗೋಣು?” ಎನ್ನುತ್ತಾರೆ. ಹಲ್ಲಿನ ಡಾಕ್ಟರು ಮಾತ್ರ ಸಿಕ್ಕಿಬಿದ್ದರು. ಹಲ್ಲು ಕೀಳಲು ಇಂಜೆಕ್ಷನ್ ಕೊಟ್ಟು, ಅದು ಏರುವವರೆಗೆ ಹರಟೋಣವೆಂದು ಕೂತಾಗ ಕಾಕಾ ಪ್ರಶ್ನೆ ಒಗೆದರು. ಪಾಪ, ಡಾಕ್ಟರು “ಮೈನಸ್ ಎರಡು” ಅಂದರು. ಮರಗಟ್ಟಿದ ಬಾಯಿಂದಲೇ ಪಾಠ ಶುರುವಾಯಿತು. ಪಾಠ ಮುಗಿಯುವಷ್ಟರಲ್ಲಿ ಇಂಜೆಕ್ಷನ್ನಿನ ಅಮಲು ಇಳಿದಿತ್ತು. ಆ ಹಲ್ಲು ಇನ್ನೂ ಬಾಯಲ್ಲೇ ಇದೆ.

ಇಂಥವರ ಮನೆಗೆ ನನ್ನನ್ನು ನೋಡಲು ವರ ಬಂದರೆ ಗತಿಯೇನು? ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ನನ್ನ ಮದುವೆಯ ಕಡೆಯ ಮಾತು ಕಾಕಾನದೇ. ಮೊದಲು ಬಂದ ವರ ‘ಮೈನಸ್ ಎರಡು’ ಅಂದ. ತಪ್ಪೆಂದು ಕಾಕಾ ಹೇಳಿದಾಗ, “ನಮ್ಮ ಸರ್ ಹಂಗಾ ಕಲಿಸ್ಯಾರ. ನೀವಾ ತಪ್ಪು ಅದೀರಿ” ಎಂದು ದನಿಯೇರಿಸಿದ. ಅವರು ಮನೆ ಮುಟ್ಟುವ ಮೊದಲೇ ಕಾಕಾ ಫೋನು ಮಾಡಿ ಬೇಡವೆಂದರು. ಒಂದು ಲೆಕ್ಕ ತಪ್ಪಿದ್ದಕ್ಕೆ ಸಂಬಂಧ ಮುರಿಯುವುದೇ ಎಂದು ಅವ್ವ ತಲೆ ಚಚ್ಚಿಕೊಂಡಳು.

ಎರಡನೆಯವರು ತಿಕೋಟಾದ ದ್ರಾಕ್ಷಿ ತೋಟದವರು. ನನ್ನ ಗೆಳತಿಯ ಅಣ್ಣ. ನನಗೆ ಬಹಳ ಇಷ್ಟವಾಗಿದ್ದರು, ಮುಚ್ಚಿಡುವುದೇನು! ಹಾಗಾಗಿ ಹಿಂದಿನ ದಿನವೇ ವಾಟ್ಸಾಪ್ ಮಾಡಿದೆ: ‘ಕಾಕಾ ಏನು ಕೇಳಿದರೂ ಮೈನಸ್ ಅರ್ಧ ಅನ್ನಿ.’

ಬಂದರು. ಉಪ್ಪಿಟ್ಟು ಬಂತು. ಕಾಕಾ ಗಂಟಲು ಸರಿಮಾಡಿಕೊಂಡರು.

“ವೈ ಈಕ್ವಲ್ ಟು ಮೂರು ಎಕ್ಸ್…”

ಮೂರೇ? ಇಷ್ಟು ವರ್ಷ ಎರಡನ್ನು ಬಿಟ್ಟು ಕದಲದ ಮನುಷ್ಯ ಇವತ್ತೇ ಮೂರಕ್ಕೆ ಬರಬೇಕೇ! ಉತ್ತರ ಈಗ ಮೈನಸ್ ಮೂರನೇ ಒಂದು. ನಾನು ಬಾಗಿಲ ಮರೆಯಲ್ಲಿ ಮೂರು ಬೆರಳು ತೋರಿಸಿ ಕುಣಿದಾಡಿದೆ. ನೋಡುವವರಾರು?

“ಮೈನಸ್ ಅರ್ಧರಿ” ಎಂದರು ಅವರು, ಧೈರ್ಯವಾಗಿ.

“ತಪ್ಪು. ಯಾರು ಹೇಳಿಕೊಟ್ರು?”

“ಯಾರ ಹೆಸರ್ಯಾಕರಿ ಸರ. ನನಗ ಇದು ಬರಂಗಿಲ್ಲ. ತಿಳಿಸಿ ಹೇಳ್ರಿ, ಕಲೀತೀನಿ.”

ಕಾಕಾ ಸೀಮೆಸುಣ್ಣ ತಂದು ಫರಸಿ ನೆಲದ ಮೇಲೆ ಗೆರೆ ಎಳೆದರು. ತಿಕೋಟಾದವರು ಗರಿಗರಿ ಇಸ್ತ್ರಿಯ ಪ್ಯಾಂಟಿನಲ್ಲೇ ನೆಲಕ್ಕೆ ಕೂತರು.

“ಮೊದಲ ತಿರುವಿ ಹಾಕಬೇಕೋ, ಚಿಹ್ನೆ ಬದಲಿ ಮಾಡಬೇಕೋರಿ?”

“ಯಾವುದು ಮೊದಲಾದ್ರೂ ನಡೀತೈತಿ. ಎರಡೂ ಆಗಬೇಕು, ಅಷ್ಟ.”

ಉಪ್ಪಿಟ್ಟು ಆರಿ ಕಲ್ಲಾಯಿತು. ಅವರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಅಳತೊಡಗಿದೆ. ಕಾಕಾ ಬಂದರು.

“ಯಾಕ ಅಳಾಕತ್ತಿ ಬೇ?”

“ತಪ್ಪು ಹೇಳಿದ್ರಲ್ಲ ಕಾಕಾ. ಇನ್ನ ಇವರೂ ಬ್ಯಾಡ ಅಂತೀರಿ.”

“ಯಾರಂದ್ರು? ಹೋಗೂ ಮುಂದನ ಅವರಪ್ಪಗ ಹೂಂ ಅಂದೇನಿ. ಮೊದಲಿನವನೂ ತಪ್ಪು ಹೇಳಿದ್ದ, ಜಗಳಕ್ಕ ಬಂದ. ಇವ ಕೂತು ಕಲ್ತಾನ. ನಿನ್ನ ಹೆಸರೂ ಹೇಳಲಿಲ್ಲ.”

ನಾನು ತಲೆ ತಗ್ಗಿಸಿದೆ. ಕಾಕಾ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು.

“ಸಂಸಾರದಾಗ ತಪ್ಪು ಆಗ್ತಿರ್ತಾವು. ಆದಾಗ ಅವ ನಿನ್ನ ಮ್ಯಾಲ ದನಿ ಏರಿಸ್ತಾನೋ, ಹಿಂಗ ಮಗ್ಗಲಾಗ ಕುಂದರ್ತಾನೋ, ಅದನ್ನ ನೋಡಬೇಕಿತ್ತವ್ವ, ಅದಕ್ಕ ಎರಡು ಬಿಟ್ಟು ಮೂರು ಕೇಳಿದೆ. ಆವಾಗ ನಾ ಅಲ್ಲಿ ಇರಂಗಿಲ್ಲಲ್ಲ.”

ಹಾಗೆಂದು ಸೀಮೆಸುಣ್ಣದ ಕೈಯನ್ನೇ ನನ್ನ ತಲೆಯ ಮೇಲಿಟ್ಟರು.