ಕತ್ತರಿಸಿ ಎಸೆದ 'ದಾನೆ ಮಾರಾಯಾ'

ಫಿದಾಳ ಹೆಸರು ಕೇಳಿದರೆ ಸಾಕು, ಜಿತೇಶನ ಹೊಟ್ಟೆಗೆ ಕೊಳ್ಳಿ ಇಟ್ಟಂತಾಗುತ್ತಿತ್ತು. ಮೂಡುಬಿದಿರೆಯ ಕಾಲೇಜಿನ ಮ್ಯೂಸಿಕ್ ಪ್ರೊಡಕ್ಷನ್ ಕ್ಲಾಸಿನಲ್ಲಿ ವಿಟ್ಲದ ಆ ಹುಡುಗಿ ಏನು ಮಾಡಿದರೂ ಸರ್ "ವಾಹ್" ಅನ್ನುತ್ತಿದ್ದರು. ಇವನದಕ್ಕೆ ಬರೀ "ಹ್ಞೂಂ." ಮನೆಯ ಸದ್ದುಗಳಿಂದಲೇ ಒಂದು ನಿಮಿಷದ ಸಂಗೀತ ಮಾಡಿ ಇವತ್ತು ಮಧ್ಯಾಹ್ನ ಕೇಳಿಸಬೇಕಿತ್ತು. ಗೆದ್ದವರದು ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೊಳಗುತ್ತದೆ. ಈ ಸಲ ಅವಳನ್ನು ಸೋಲಿಸದಿದ್ದರೆ ತಾನು ಜಿತೇಶನೇ ಅಲ್ಲ!

ಬೆಳಿಗ್ಗೆ ನರಿಕೊಂಬಿನ ಮನೆಯಲ್ಲಿ ಅಮ್ಮ ಕಾಯಿ ತುರಿಯಲು ಕೂತದ್ದೇ ತಡ, ಮೈಕ್ ಹಿಡಿದ. ಬೇಲಿಯಾಚೆಯಿಂದ ಪಕ್ಕದ ಮನೆಯ ಲೋಲಾಕ್ಷಿಯ ತುಳು ತೂರಿಬಂತು; 'ಏನು' ಎನ್ನಲು ಅವಳಿಗೆ 'ದಾನೆ'ಯೇ ಬೇಕು.

"ದಾನೆ ಮಾರಾಯಾ! ತೆಂಗಿನಕಾಯಿಯ ಭಾಷಣ ಉಂಟಾ?"

"ಲೋಲಾಕ್ಷಿಯಕ್ಕ, ಸ್ವಲ್ಪ ಸುಮ್ಮನಿರಿ."

"ನಾನು ಎಲ್ಲಿ ಮಾತಾಡಿದೆ?" ಎಂದವಳು ತಾನು ಮಾತಾಡಲಿಲ್ಲವೆಂಬುದನ್ನು ಕಾಲುಗಂಟೆ ವಿವರಿಸಿದಳು.

ಬಾವಿಯ ರಾಟೆಗೆ ಮೈಕ್ ಹಿಡಿದರೆ, "ದಾನೆ ಮಾರಾಯಾ, ಬಾವಿಗೆ ಏನು ಬಿತ್ತು?" ಹೊರಗಿನ ಸದ್ದೇ ಬೇಡವೆಂದು ಕಂಬಳಿ ಹೊದ್ದು ಸ್ಟೀಲ್ ತಟ್ಟೆ ಬಡಿದರೆ, "ದಾನೆ ಮಾರಾಯಾ, ಜ್ವರವಾ?" ಎಂದು ಕರಿಮೆಣಸಿನ ಕಷಾಯ ಹಿಡಿದು ಒಳಗೇ ಬಂದಳು. ಕುಡಿಸದೆ ಬಿಡಲಿಲ್ಲ.

ಉರಿಯುವ ಗಂಟಲಲ್ಲೇ ಕೂತು ಅವಳ ಧ್ವನಿಯನ್ನೆಲ್ಲ ಕತ್ತರಿಸಿ 'ಕಸ' ಎಂಬ ಫೋಲ್ಡರಿಗೆ ಎಸೆದ. ಉಳಿದದ್ದು ತೊಳೆದಿಟ್ಟ ಪಾತ್ರೆಯಂತೆ ಚೊಕ್ಕವಾಗಿತ್ತು.

ಬಸ್ಸಿನಲ್ಲಿದ್ದಾಗ ಫಿದಾಳ ಫೋನ್. "ಜಿತೇಶ್, ನನ್ನ ರೆಕಾರ್ಡಿಂಗೆಲ್ಲ ತಮ್ಮ ಡಿಲೀಟ್ ಮಾಡಿಬಿಟ್ಟ ಮಾರಾಯ. ನಿನ್ನಲ್ಲಿ ಹೆಚ್ಚಿನ ಸೌಂಡ್ ಏನಾದ್ರೂ ಉಂಟಾ?"

ಜಿತೇಶನಿಗೆ ಕಷಾಯವೂ ಸಿಹಿಯಾಯಿತು. "ಉಂಟು ಉಂಟು, ಒಳ್ಳೊಳ್ಳೆಯದು ಕಳಿಸ್ತೇನೆ" ಎಂದು 'ಕಸ'ವನ್ನು ಇಡಿಯಾಗಿ ಸಾಗಹಾಕಿದ.

ಮಧ್ಯಾಹ್ನ ಇವನದನ್ನು ಕೇಳಿದ ಸರ್, "ಚೊಕ್ಕ ಉಂಟು. ಆದ್ರೆ ಮನೆಯಲ್ಲಿ ಜನವೇ ಇಲ್ವಲ್ಲ?" ಎಂದರು.

ಆಮೇಲೆ ಫಿದಾಳದು. ಡೆಸ್ಕಿಗೆ ಬಡಿದ ತಾಳದ ಮೇಲೆ "ದಾ-ದಾ-ದಾನೆ! ದಾನೆ ಮಾರಾಯಾ!" ಇಡೀ ಕ್ಲಾಸು ಎದ್ದು ಕುಣಿಯಿತು. "ವಾಹ್!" ಎಂದು ಸರ್ ಎರಡು ಸಲ ಅಂದರು.

"ಈ ಧ್ವನಿ ಕೊಟ್ಟದ್ದು ಜಿತೇಶ್, ಸರ್" ಎಂದಳು ಫಿದಾ, ನಿಜವಾದ ಕೃತಜ್ಞತೆಯಿಂದ. ಅದು ಅವನನ್ನು ಇನ್ನಷ್ಟು ಸುಟ್ಟಿತು. ಆದರೂ ಅರ್ಧ ಬಹುಮಾನವಾದರೂ ತನ್ನ ಪಾಲಿಗೆ ಬಂದೀತೆಂದು ಕಾಲರ್ ಸರಿಮಾಡಿಕೊಂಡ. ಸರ್ ಬೆನ್ನು ತಟ್ಟಿ, ಯಾರ ಧ್ವನಿಯೆಂದು ವಿಚಾರಿಸಿ ಲೋಲಾಕ್ಷಿಯ ನಂಬರ್ ಬರೆದುಕೊಂಡರು, ಅಷ್ಟೇ.

ಸಂಜೆ ಮನೆ ಸೇರಿದಾಗ ಲೋಲಾಕ್ಷಿ ಮಲ್ಲಿಗೆ ಮುಡಿದು ಜಗಲಿಯಲ್ಲೇ ಕೂತಿದ್ದಳು.

"ದಾನೆ ಮಾರಾಯಾ! ವೇದಿಕೆಯಲ್ಲಿ ನಾನೂ ಫಿದಾನೂ ಅಂತೆ. ನಿನ್ನ ಸರ್ ಫೋನ್ ಮಾಡಿದ್ರು. ನನಗೆ ಮೈಕ್ ಹಿಡೀಲಿಕ್ಕೆ ನೀನಂತೆ. ಈಗಲೇ ಪ್ರಾಕ್ಟೀಸ್ ಮಾಡುವ, ಹಿಡಿ!"