ಗುಡ್ಡದ ಮೇಲೆ ಎಷ್ಟು ಒಲೆ?

ತನಗೆ ಗೊತ್ತಿಲ್ಲದ್ದನ್ನು ಧೈರ್ಯವಾಗಿ ಇನ್ನೊಬ್ಬರಿಗೆ ಕಲಿಸಿದರೂ ಸರ್ಕಾರ ಸಂಬಳ ಕೊಡುತ್ತದೆ ಎಂಬುದು ನನ್ನ ಬದುಕಿನ ಬಹುದೊಡ್ಡ ಸಮಾಧಾನ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ಅದರಲ್ಲೂ ಪರ್ವತ ಪ್ರಾಂತ್ಯಗಳ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಯಾವ ಪ್ರಾಂತ್ಯವಾದರೂ ಸರಿ, ಮೂರು ತಲೆಬರಹ ಕೊಟ್ಟುಬಿಡುತ್ತೇನೆ: ಇತಿಹಾಸ, ಆಡಳಿತ, ಜನಸಂಖ್ಯೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ, ನಾನು ಅಂಕ ಹಾಕುತ್ತೇನೆ. ಬೆಟ್ಟಕ್ಕೆ ಇದರಿಂದ ಯಾವ ತೊಂದರೆಯೂ ಆಗಿಲ್ಲ. ಆದರೆ ಕಲಬುರಗಿಯ ಬ್ರಹ್ಮಪುರದಲ್ಲಿ ಹುಟ್ಟಿ ಅಲ್ಲೇ ಬೆಳೆದ ನಾನು ಹತ್ತಿದ ಅತಿ ಎತ್ತರದ ಜಾಗ ರೈಲ್ವೆ ಮೇಲ್ಸೇತುವೆ. ಅದನ್ನೂ ಸ್ಕೂಟರಿನ ಮೇಲೆ ಕೂತು ಹತ್ತಿದ್ದು.

ಹೀಗಿರುವಾಗ ನನ್ನನ್ನು ಗಣತಿ ಕೆಲಸಕ್ಕೆ ಹಾಕಿದರು. ಊರೊಳಗೆ ಎಲ್ಲಾದರೂ, ಸೇಡಂ ರಸ್ತೆಯ ಬಡಾವಣೆಯಲ್ಲಿ ಲಿಫ್ಟ್ ಇರುವ ಕಡೆ ಸಿಗಬಹುದೆಂದು ಆಸೆಪಟ್ಟಿದ್ದೆ. ಸಿಕ್ಕಿದ್ದು ಕಮಲಾಪುರದ ಆಚೆಯ ಒಂದು ಹಳ್ಳಿ, ಅದರ ಬೆನ್ನಿಗೊಂದು ಗುಡ್ಡ. ನನ್ನ ಹೆಂಡತಿ ಪದ್ಮಾ ಟೊಪ್ಪಿಗೆ, ನೀರಿನ ಬಾಟಲಿ, ಗ್ಲೂಕೋಸ್ ಪುಡಿ, ಮೊಣಕಾಲಿಗೆ ಸುತ್ತುವ ಪಟ್ಟಿ ಎಲ್ಲವನ್ನೂ ಚೀಲಕ್ಕೆ ತುಂಬಿ, "ಗಣತಿಗೆ ಹೊಂಟೀರೋ, ಗಡಿ ಕಾಯಲಿಕ್ಕೆ ಹೊಂಟೀರೋ?" ಎಂದಳು. ಚೀಲ ತುಂಬಿದವಳು ಅವಳೇ, ಹೀಯಾಳಿಸಿದವಳೂ ಅವಳೇ. ಇದು ನಮ್ಮ ಮನೆಯ ಪದ್ಧತಿ.

ಕೆಳಗಿನ ಹಳ್ಳಿ ಮೂರು ದಿನದಲ್ಲಿ ಮುಗಿಯಿತು. ನನ್ನ ಜೊತೆಗಿದ್ದವರು ಆ ಊರಿನ ವಾಲೀಕಾರ ಮೆಹಬೂಬಸಾಬರು. ಸಾಹೇಬರು ಬಂದಾಗ ಮನೆ ತೋರಿಸುವುದರಿಂದ ಹಿಡಿದು ಡಂಗುರ ಸಾರುವವರೆಗೆ ಊರಿನ ಸರ್ಕಾರಿ ಕೆಲಸವೆಲ್ಲ ಅವರದೇ. ವಯಸ್ಸು ಅರವತ್ತರ ಹತ್ತಿರ, ಕಾಲು ಇಪ್ಪತ್ತರ ಹುಡುಗನದು. ನಾಲ್ಕನೆಯ ದಿನ ನಕ್ಷೆ ತೆಗೆದು ನೋಡಿದೆ. ಗುಡ್ಡದ ಮೇಲೆ 'ಜನವಸತಿ ಇಲ್ಲ' ಎಂದು ಬರೆದಿತ್ತು. ಅಷ್ಟು ಸುಂದರವಾದ ವಾಕ್ಯವನ್ನು ನಾನು ಈಚೆಗೆ ಓದಿರಲಿಲ್ಲ. ಆದರೆ ತಲೆ ಎತ್ತಿ ನೋಡಿದರೆ ಗುಡ್ಡದ ನೆತ್ತಿಯಲ್ಲಿ ಹೊಗೆ ಏಳುತ್ತಿದೆ. ಅದೂ ಎರಡು ಕಡೆ.

"ಸಾಬರೇ, ಮ್ಯಾಲ ಯಾರರ ಅದಾರೇನ್ರೀ?" ಎಂದು, ಇಲ್ಲವೆನ್ನಲಿ ದೇವರೇ ಎಂದುಕೊಳ್ಳುತ್ತಲೇ ಕೇಳಿದೆ.

"ಕಾಗದದಾಗ ಯಾರೂ ಇಲ್ರೀ ಸರ. ಖರೇ ನೋಡಿದ್ರ ಒಂದ ಮನಿ ಅದ," ಎಂದರು ಮೆಹಬೂಬಸಾಬರು.

"ಒಂದ ಮನಿ, ಎರಡ ಹೊಗಿ?"

ಅವರು ಬೀಡಿ ಹಚ್ಚಿಕೊಂಡು, "ಅದ ಮ್ಯಾಲ ಹೋದಮ್ಯಾಲ ತಿಳೀತದ ಬರ್ರಿ," ಎಂದು ಹತ್ತತೊಡಗಿಯೇ ಬಿಟ್ಟರು.

ನಾನು ಹತ್ತಿದ್ದನ್ನು ವರ್ಣಿಸುವುದಿಲ್ಲ. ಹಿಮಾಲಯ ಹತ್ತಿದವರು ಓದಿದರೆ ನಗುತ್ತಾರೆ, ಕಮಲಾಪುರದವರು ಓದಿದರೆ ಇನ್ನೂ ಹೆಚ್ಚು ನಗುತ್ತಾರೆ. ದಿನವೂ ಆಡುಗಳು ಹತ್ತಿ ಇಳಿಯುವ ದಾರಿ ಅದು. ಮೆಹಬೂಬಸಾಬರು ಮುಂದೆ ಹೋಗಿ ಬಂಡೆಯೊಂದರ ಮೇಲೆ ಕೂತು, "ಬಂದ್ರೇನ್ರೀ ಸರ?" ಎಂದು ಕೂಗುವುದು; ನಾನು ಏದುಸಿರು ಬಿಡುತ್ತ ಅಲ್ಲಿಗೆ ತಲುಪುವಷ್ಟರಲ್ಲಿ ಅವರು ಎದ್ದು ಮುಂದಿನ ಬಂಡೆಗೆ ಹೋಗುವುದು. ಬಸ್ ನಿಲ್ದಾಣದಲ್ಲಿ ಕೊಂಡಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಅರ್ಧ ದಾರಿಯಲ್ಲೇ ಖಾಲಿಯಾದವು. ಭಾರ ಇಳಿಸಬೇಕಾಗಿತ್ತು, ತಿಂದೆ.

ಮೇಲೆ ಹೋದರೆ ಕಲ್ಲಿನ ಗೋಡೆಯ ಉದ್ದನೆಯ ಒಂದು ಮನೆ, ಸುತ್ತ ಸೀತಾಫಲದ ಗಿಡ, ಪಕ್ಕದಲ್ಲಿ ನೀರಿನ ಒಂದು ಸೆಲೆ. ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಹೆಸರು ನಾಗಮ್ಮ. ಕಣ್ಣಿಗೆ ಮಬ್ಬು ಕವಿದಿತ್ತು, ದನಿಗೆ ಏನೂ ಕವಿದಿರಲಿಲ್ಲ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೊಮ್ಮಕ್ಕಳು ಅವಳ ಸುತ್ತ ಬಂದು ನಿಂತರು. ನಾನು ಸರ್ಕಾರದಿಂದ ಬಂದವನೆಂದು ತಿಳಿದದ್ದೇ, "ಇಷ್ಟ ವರ್ಷಕ್ಕ ಬಂದ್ಯೇನಪ್ಪ? ಕೂಡು," ಎಂದಳು. ನಾನೇ ತಡಮಾಡಿದವನಂತೆ ತಲೆ ತಗ್ಗಿಸಿ ಕೂತೆ.

ಕೇಳುವ ಮೊದಲೇ ಅವಳು ಇತಿಹಾಸ ಹೇಳಿದಳು. ಮೊದಲು ಇಲ್ಲಿ ಹತ್ತಾರು ಮನೆ ಇದ್ದವಂತೆ. ಕೆಳಗೆ ಡಾಂಬರು ರಸ್ತೆಯಾದ ಮೇಲೆ ಒಬ್ಬೊಬ್ಬರೇ ಇಳಿದುಹೋದರು. ಅವಳ ಗಂಡ ಮಾತ್ರ, ಈ ಸೆಲೆ ಬತ್ತುವತನಕ ನಾನು ಇಳಿಯುವುದಿಲ್ಲ ಎಂದನಂತೆ. "ಅಂವ ಹೋದ. ಸೆಲಿ ಇನ್ನಾ ಹರೀಲತ್ತದ. ಮತ್ತ ನಾ ಹ್ಯಾಂಗ ಇಳೀಲಿ?" ಎಂದಳು. ಆಡಳಿತ ಹೇಗಿದೆಯೆಂದು ಕೇಳುವ ಅಗತ್ಯವೇ ಬರಲಿಲ್ಲ. ಹತ್ತು ನಿಮಿಷದಲ್ಲಿ ಅವಳು ಒಬ್ಬ ಮಗನನ್ನು ಆಡಿನ ಹಿಂದೆ, ಇನ್ನೊಬ್ಬನನ್ನು ನೀರಿನ ಕೊಡದ ಹಿಂದೆ ಓಡಿಸಿ, ಜಗಳವಾಡುತ್ತಿದ್ದ ಮೊಮ್ಮಕ್ಕಳ ನ್ಯಾಯ ತೀರಿಸಿ, ನನ್ನ ಟೊಪ್ಪಿಗೆ ತೆಗೆಸಿದಳು. ಉಳಿದದ್ದು ಜನಸಂಖ್ಯೆ.

ತರಬೇತಿಯಲ್ಲಿ ನಮಗೆ ಒತ್ತಿ ಹೇಳಿದ್ದರು: ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಒಂದೇ ಕುಟುಂಬವಲ್ಲ, ಒಂದೇ ಅಡುಗೆ ಉಣ್ಣುವವರು ಒಂದು ಕುಟುಂಬ. ನಾನು ಗಣತಿಯ ಆ್ಯಪ್ ಇದ್ದ ಮೊಬೈಲ್ ತೆಗೆದು, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ನನ್ನ ದನಿಯಲ್ಲಿ ಕೇಳಿದೆ: "ಅಡಗಿ ಎಲ್ಲಾರದೂ ಒಂದ ಒಲಿಮ್ಯಾಲೋ, ಬ್ಯಾರೆ ಬ್ಯಾರೆನೋ?"

"ಒಂದ," ಎಂದಳು ನಾಗಮ್ಮ.

ಹಿರಿಸೊಸೆ ಕಾಶಮ್ಮ ನೆಲ ನೋಡಿದಳು. ಕಿರಿಸೊಸೆ ಸುವರ್ಣಾ ಸೀತಾಫಲದ ಗಿಡ ನೋಡಿದಳು. ನೀರು ಹೊತ್ತು ಬಂದ ಹಿರಿಮಗ ಕೊಡದ ಮರೆಯಿಂದ ನನಗೆ ಕಣ್ಣುಸನ್ನೆ ಮಾಡಿದ. ಎಷ್ಟು ಕಣ್ಣುಸನ್ನೆ ಮಾಡಿದರೂ ತಿಳಿಯದ ಜಾತಿ ನನ್ನದು. "ಕೆಳಗಿಂದ ಎರಡ ಕಡೆ ಹೊಗಿ ಕಾಣಸ್ತಿತ್ತಲ್ಲ?" ಎಂದುಬಿಟ್ಟೆ. ಮೆಹಬೂಬಸಾಬರು ನನ್ನ ತೋಳು ಹಿಡಿದು ಸೆಲೆಯ ಬಳಿಗೆ ಎಳೆದುಕೊಂಡು ಹೋದರು.

ಅಲ್ಲಿ ಅವರು ಪಿಸುದನಿಯಲ್ಲಿ ಹೇಳಿದ ಸಂಗತಿ ಇದು. ಕೆಲವು ತಿಂಗಳ ಹಿಂದೆ ಕಾಶಮ್ಮನ ತಮ್ಮ ಊಟಕ್ಕೆ ಬಂದಿದ್ದ. ಅಂದು ಸುವರ್ಣಾ ಬಡಿದ ಜೋಳದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅವನು, ಈ ಕಲ್ಲು ಯಾವ ಗಣಿಯದು ಎಂದು ತಮಾಷೆ ಮಾಡಿದ. ಅವನು ಅಂದದ್ದಕ್ಕಲ್ಲ, ಕಾಶಮ್ಮ ನಕ್ಕದ್ದಕ್ಕೆ ಸುವರ್ಣಾಳಿಗೆ ಉರಿಯಿತು. ಮರುದಿನದಿಂದ ಮನೆಯ ಹಿಂದೆ ಎರಡನೆಯ ಒಲೆ ಹತ್ತಿತು. ಮುದುಕಿಗೆ ಗೊತ್ತಾದರೆ ಎದೆ ಒಡೆದೀತು ಎಂದು ಇಬ್ಬರೂ ಅದೊಂದರಲ್ಲಿ ಮಾತ್ರ ಒಪ್ಪಂದಕ್ಕೆ ಬಂದಿದ್ದರು: ಅವಳಿಗೆ ಬೆಳಗಿನ ರೊಟ್ಟಿ ಕಾಶಮ್ಮನದು, ಸಂಜೆಯ ರೊಟ್ಟಿ ಸುವರ್ಣಾಳದು. ಮುದುಕಿಯ ಕಣ್ಣಿಗೆ ಹೊಗೆ ಕಾಣುವುದಿಲ್ಲವಲ್ಲ.

"ಒಂದ ಅಂತ ಬರದ್ಬಿಡ್ರಿ ಸರ. ಆಯಿ ಜೀವಕ್ಕ ಹಚ್ಕೋತಾಳ," ಎಂದರು ಸಾಬರು.

ನಾನು ಇಕ್ಕಟ್ಟಿನಲ್ಲಿ ಸಿಕ್ಕಿದೆ. ಒಂದು ಎಂದು ಬರೆದರೆ ಸುಳ್ಳು. ಎರಡು ಎಂದು ಬರೆದರೆ, ಕಾಗದದಲ್ಲಿ ಇದುವರೆಗೆ ಇಲ್ಲವೇ ಇಲ್ಲದ ಮನೆ ಮೊದಲ ಸಲ ಕಾಗದಕ್ಕೆ ಬರುವಾಗ ಒಡೆದುಕೊಂಡೇ ಬಂದಂತಾಗುತ್ತದೆ. ಬೆಂಚಿನ ಮೇಲೆ ಗೀಚಿದವನು ಯಾರೆಂದು ಪತ್ತೆಮಾಡುವುದಕ್ಕಿಂತ ದೊಡ್ಡ ತೀರ್ಮಾನವನ್ನು ನಾನು ಈವರೆಗೆ ಮಾಡಿದವನಲ್ಲ. ಬೆವರು ಒರೆಸಿಕೊಂಡು ಕಟ್ಟೆಗೆ ಮರಳಿದೆ. ಅಷ್ಟರಲ್ಲಿ ಮುದುಕಿಯೇ ಶುರುಮಾಡಿದಳು.

"ಎರಡ ಅಂತ ಬರಿ, ಮಾಸ್ತರ."

"ಅತ್ತಿ!" ಎಂದು ಇಬ್ಬರು ಸೊಸೆಯರೂ ಒಟ್ಟಿಗೆ ಕೂಗಿದರು.

"ಮುಂಜಾನಿ ರೊಟ್ಟಿ ತೆಳ್ಳಗ, ಸಂಜಿ ರೊಟ್ಟಿ ದಪ್ಪ. ನನ್ನ ಕಣ್ಣ ಹೋಗ್ಯಾವ, ಹಲ್ಲ ಹೋಗಿಲ್ಲ. ಸುಳ್ಳ ಹೇಳಿದೆ ಮಾಸ್ತರ, ಎರಡ ಅವ. ನೀವು ನನ್ನ ಮುಂದ ಮುಚ್ಚಿಟ್ರಿ, ನಾ ನಿಮ್ಮ ಮುಂದ ಮುಚ್ಚಿಟ್ಟೆ. ಎಲ್ಲಾರೂ ಶಾಣ್ಯಾರಾದೆವು." ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಮತ್ತ ನನ್ನ ಯಾರ ಮನ್ಯಾಗ ಬರೀತಿ?"

ಆ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರವಿರಲಿಲ್ಲ. "ನಮ್ಮಲ್ಲಿ ಬರೀರಿ ಸರ," ಎಂದಳು ಕಾಶಮ್ಮ. "ನಮ್ಮಲ್ಲಿ! ರಾತ್ರಿ ಗುಳಿಗಿ ಕೊಡಾಕಿ ನಾನು," ಎಂದಳು ಸುವರ್ಣಾ. "ಮೈ ತೊಳೆಯಾಕಿ ಯಾರು?" "ತೆಲಿ ಬಾಚಾಕಿ ಯಾರು?" ದನಿಗಳು ಏರಿದವು. ನೋಡಿ, ಮುದುಕಿಯನ್ನು ಬೇಡ ಎನ್ನುವ ಜಗಳಗಳನ್ನು ನಾನು ನಮ್ಮ ಊರಿನಲ್ಲಿ ಕಂಡಿದ್ದೇನೆ. ಬೇಕು ಎನ್ನುವ ಜಗಳವನ್ನು ಕಂಡದ್ದು ಅದೇ ಮೊದಲು. ನನ್ನ ಬೆರಳು ಮೊಬೈಲಿನ ಮೇಲೆ ಗಾಳಿಯಲ್ಲೇ ನಿಂತಿತ್ತು.

"ಯಾರಲ್ಲೂ ಬ್ಯಾಡ. ನನ್ನದ ಬ್ಯಾರೆ ಬರಿ," ಎಂದು ನಾಗಮ್ಮ ಎದ್ದಳು.

"ಆಯಿ, ಬ್ಯಾರೆ ಬರೀಬೇಕಂದ್ರ ಬ್ಯಾರೆ ಅಡಗಿ ಇರಬೇಕ್ರೀ," ಎಂದೆ. ನಿಯಮವೆಂದರೆ ನಿಯಮ.

"ಅಷ್ಟ ಹೌದಲ್ಲ?" ಎಂದು ಅವಳು ಗೋಡೆ ಹಿಡಿದು ಒಳಗೆ ಹೋದಳು. ಮನೆಯ ನಡುವೆ, ಈಗ ಯಾರೂ ಹಚ್ಚದೆ ಬಿಟ್ಟಿದ್ದ ತನ್ನ ಹಳೆಯ ಒಲೆಯ ಮುಂದೆ ಕೂತಳು, ತಡಕಾಡಿ ಕಟ್ಟಿಗೆ ಇಟ್ಟಳು, ಬೆಂಕಿ ಹಚ್ಚಿದಳು. ಈಗ ಗುಡ್ಡದ ಮೇಲೆ ಮೂರು ಒಲೆ. ನಾನು ಒಂದು ಗಂಟೆಯಲ್ಲಿ ಒಂದು ಮನೆಯನ್ನು ಮೂರು ಮಾಡಿದ್ದೆ.

ಅದೇ ಹೊತ್ತಿಗೆ ಗಣತಿಯ ಮೇಲ್ವಿಚಾರಕರ ಕರೆ ಬಂತು. ಆ ಗುಡ್ಡದಲ್ಲಿ ಮಾತು ಕೇಳಿಸುವಷ್ಟು ಸಿಗ್ನಲ್ ಸಿಗುವುದು ಒಂದೇ ಬಂಡೆಯ ಮೇಲಂತೆ. ಅದರ ಮೇಲೆ ಒಂಟಿಕಾಲಲ್ಲಿ ನಿಂತು ಮಾತಾಡಿದೆ. "ಎಷ್ಟ ಕುಟುಂಬ ಅವ್ರೀ ಮ್ಯಾಲ?" "ಸರ, ಮುಂಜಾನಿ ಒಂದಿತ್ತು, ಆಮ್ಯಾಲ ಎರಡಾದವು, ಈಗ ಮೂರು ಅವ." "ಬಿಸಲಿಗೆ ಹೋಗಬ್ಯಾಡ್ರಿ ಅಂದಿದ್ದೆ ನಿಮಗ," ಎಂದು ಅವರು ಫೋನಿಟ್ಟರು.

ಬಂಡೆಯಿಂದ ಇಳಿದು ಬಂದು ಒಳಗೆ ಇಣುಕಿದೆ. ನಾಗಮ್ಮ ಹಿಟ್ಟು ನಾದುತ್ತಿದ್ದಳು. ಕಾಣದ ಕಣ್ಣಿಗೆ ಹೊಗೆ ತುಂಬಿ ನೀರು ಸುರಿಯುತ್ತಿತ್ತು. ರೊಟ್ಟಿ ಬಡಿಯಲು ಹೋದರೆ ಅದು ಕೈಯಲ್ಲಿ ಹರಿಯುತ್ತಿತ್ತು. ಎರಡನೆಯ ರೊಟ್ಟಿಯೂ ಹರಿದಾಗ ಸುವರ್ಣಾ ತಡೆಯಲಾರದೆ ಹೋಗಿ ಪಕ್ಕದಲ್ಲಿ ಕೂತು ಹಿಟ್ಟಿನ ಮುದ್ದೆಯನ್ನು ಕಸಿದುಕೊಂಡಳು. ಬಡಿದಳು. ಹಂಚಿನ ಮೇಲೆ ಬಿದ್ದ ರೊಟ್ಟಿ, ಸುಳ್ಳು ಯಾಕೆ ಹೇಳಲಿ, ದಪ್ಪವಾಗಿಯೇ ಇತ್ತು. ಬಾಗಿಲಲ್ಲಿ ನಿಂತಿದ್ದ ಕಾಶಮ್ಮ ಅದನ್ನು ನೋಡಿದಳು. ಎಲ್ಲರೂ ಕಾಶಮ್ಮನ ತುಟಿಯನ್ನೇ ನೋಡಿದೆವು. ಅವಳು ಬಂದು ಒಲೆಯ ಮುಂದೆ ಕೂತು, ಉರಿ ಸಣ್ಣದು ಮಾಡಿ, "ದಪ್ಪ ರೊಟ್ಟಿಗಿ ಸಣ್ಣ ಉರಿ ಬೇಕು. ನೀ ಬಡಿ, ನಾ ಬೇಸ್ತೀನಿ," ಎಂದಳು. ಸುವರ್ಣಾ ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕದೆ ಅವಳ ಕೈಗೆ ಕೊಟ್ಟಳು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಈ ಸುಡುಗಾಡ ಹೊಗಿ," ಎಂದು ಬೈಯತೊಡಗಿದಳು.

ಅಂದು ಎಲ್ಲರೂ ಅಲ್ಲೇ ಉಂಡೆವು: ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗೆ. ಊಟವಾದ ಮೇಲೆ ಮತ್ತೆ ಮೊಬೈಲ್ ತೆಗೆದು, ಈ ಸಲ ಮೆಲ್ಲಗೆ, ಒಲೆ ಎಷ್ಟು ಎಂದು ಕೇಳಿದೆ. ಸುವರ್ಣಾ ನೆಗೆಣ್ಣಿಯ ಮುಖ ನೋಡಿ, "ಇವತ್ತಂತೂ ಒಂದ ಅದರೀ. ನಾಳಿಂದು ನಾಳಿಗಿ," ಎಂದಳು. ಗಣತಿಗೆ ಅಂದಿನ ದಿನವೇ ಸಾಕು. ಒಂದು ಎಂದು ಒತ್ತಿದೆ, ಯಜಮಾನಿ ನಾಗಮ್ಮ ಎಂದು ಬರೆದೆ. ಒಲೆಯ ಮುಂದೆ ಕೂತು ಅವಳೇ ಒಬ್ಬೊಬ್ಬರ ಹೆಸರು ಹೇಳಿದಳು. ನಾನು ತೂಕಡಿಸುತ್ತ ಒತ್ತುತ್ತ ಹೋದೆ. ಎರಡು ವಾರದ ಮೇಲೆ ಮೆಹಬೂಬಸಾಬರಿಗೆ ಫೋನು ಮಾಡಿ ವಿಚಾರಿಸಿದೆ. "ಹೊಗಿ ಒಂದ ಕಡೆ ಏಳಲತ್ತದ್ರೀ ಸರ. ಜಗಳಾ ಮಾತ್ರ ಬರಾಬ್ಬರ್ ನಡದಾವ," ಎಂದರು.

ಅದರ ಹಿಂದೆಯೇ ಮೇಲ್ವಿಚಾರಕರ ಫೋನೂ ಬಂತು. "ಆ ಗುಡ್ಡದ ಮನ್ಯಾಗ ರಾಘಪ್ಪ ಅಂತ ಒಬ್ಬಾಂವ ಅದಾನಲ್ರೀ, ಯಾರಂವ? ವಯಸ್ಸು ಐವತ್ತು, ಸಂಬಂಧ 'ಇತರೆ', ಉದ್ಯೋಗ 'ಏನೂ ಇಲ್ಲ'." ನಾನು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನನ್ನ ಹೆಸರು ರಾಘವೇಂದ್ರ. ಮುದುಕಿ ಅದನ್ನು ಕೇಳಿ ತಿಳಿದುಕೊಂಡು, ಉದ್ದವಾಯಿತೆಂದು ರಾಘಪ್ಪ ಮಾಡಿದ್ದಳು. ಕೆಳಗಿನ ಊರಿನ ಲೆಕ್ಕದಲ್ಲಿ ಆಗಲೇ ಇದ್ದ ಸಾಬರನ್ನು ಬಿಟ್ಟು, ತನ್ನ ಒಲೆಯ ಅಡುಗೆ ಉಂಡವರನ್ನೆಲ್ಲ ಬರೆಸುವಾಗ ನನ್ನನ್ನೂ ಸೇರಿಸಿದ್ದಳು. ಏನು ಕೆಲಸ ಮಾಡುತ್ತಾನೆ ಎಂದು ನಾನೇ ಕೇಳಿದ್ದಕ್ಕೆ, "ಏನೂ ಮಾಡಂಗಿಲ್ಲ, ಕುಂತಾನ," ಎಂದಿದ್ದಳು. ನಾನು ಅದನ್ನು ಪ್ರಾಮಾಣಿಕವಾಗಿ ದಾಖಲಿಸಿದ್ದೆ. ತಿದ್ದುಪಡಿಗೆ ಬರೆದು ಹಾಕುತ್ತೇವೆ, ಸಮಯ ಹಿಡಿಯುತ್ತದೆ ಎಂದರು ಮೇಲ್ವಿಚಾರಕರು.

ಮರುದಿನವೇ ನಮ್ಮ ಬ್ರಹ್ಮಪುರದ ಮನೆಗೆ ಗಣತಿಗೆ ಒಬ್ಬ ಶಿಕ್ಷಕಿ ಬಂದರು. ನಗುತ್ತ ಈ ಕಥೆಯನ್ನು ಅವರಿಗೂ ಹೇಳಿದೆ. ಪದ್ಮಾ ನಗಲಿಲ್ಲ. "ಹಂಗಾದ್ರ ಇವರನ್ನ ಇಲ್ಲಿ ಬರೀಬ್ಯಾಡ್ರಿ ಟೀಚರ. ಒಬ್ಬರನ್ನ ಎರಡ ಕಡೆ ಬರಿಯೋದು ತಪ್ಪಲ್ಲೇನ್ರೀ?" ಎಂದಳು. ಹೊಸದಾಗಿ ಕೆಲಸಕ್ಕೆ ಸೇರಿದ ಆ ಹುಡುಗಿ ಗಾಬರಿಯಾಗಿ ಬೆರಳು ಹಿಂದಕ್ಕೆ ತೆಗೆದುಕೊಂಡು, "ಸರ, ನೀವು ಖರೇ ಎಲ್ಲಿ ಇರ್ತೀರಿ?" ಎಂದು ಕೇಳಿದಳು. ನನ್ನದೇ ವಿಷಯದ ಪ್ರಶ್ನೆ, ಅದೂ ಒಂದು ಅಂಕದ್ದು. ಕೊನೆಯ ಬೆಂಚಿನ ಹುಡುಗರು ಪಕ್ಕದವನ ಹಾಳೆ ನೋಡುವ ಹಾಗೆ ನಾನು ಮೆಲ್ಲಗೆ ಹೆಂಡತಿಯ ಮುಖ ನೋಡಿದೆ.