ಬಹುವಚನದ ಕುದುರೆ

ನಮ್ಮ ಭಾವ ಇಡೀ ಆಸ್ಟ್ರೇಲಿಯಾದಲ್ಲಿ ಮರ್ಯಾದೆ ಕೊಟ್ಟು ಮಾತಾಡಿಸಿದ್ದು ಒಬ್ಬರನ್ನೇ. ಆ ಒಬ್ಬರು ಕುದುರೆ!

ನಂಬುವುದಿಲ್ಲವೇ? ಸಿಡ್ನಿಯ ರೌಸ್ ಹಿಲ್‌ನಲ್ಲಿರುವ ನಮ್ಮಕ್ಕನ ಮನೆಗೆ ಒಮ್ಮೆ ಬಂದು ನೋಡಿ. ಭಾವ ಮೈಸೂರಿನವರು, ಕಂಪ್ಯೂಟರ್ ಕೆಲಸ, ಮನಸ್ಸು ಬೆಣ್ಣೆ. ಬಾಯಿ ಬಿಟ್ಟರೆ ಮಾತ್ರ ಏಕವಚನ! ಗೃಹಪ್ರವೇಶಕ್ಕೆ ಬಂದ ಪುರೋಹಿತರಿಗೇ "ಹೊಗೆ ಕಮ್ಮಿ ಮಾಡೋ ಮಾರಾಯ, ಅಲಾರಂ ಹೊಡ್ಕೊಳತ್ತೆ" ಎಂದ ಪುಣ್ಯಾತ್ಮರು. "ಮದುವೆ ಆದಾಗಿಂದ ನನ್ನನ್ನ ಒಂದ್ಸಲನಾದ್ರೂ ಬನ್ನಿ ಅಂತ ಕರೆದಿದೀರೇನ್ರೀ?" ಎಂದು ಅಕ್ಕ ಕೇಳಿದರೆ, "ನೀನು ಕರೀದೇನೇ ಬರ್ತೀಯಲ್ಲೇ" ಎಂಬ ಉತ್ತರ ಸಿದ್ಧ.

ಇಂಥವರು ಒಂದು ಚಳಿಗಾಲ ನಮ್ಮನ್ನೆಲ್ಲ ಹಿಮ ತೋರಿಸಲು ಬೆಟ್ಟದ ಕಡೆ ಕರೆದೊಯ್ದರು. ನಾವು ಹಿಮ ನೋಡಿದೆವು, ಭಾವ ನೋಡಲಿಲ್ಲ. ದೂರದ ಬಯಲಲ್ಲಿ ಕಾಡುಕುದುರೆಗಳ ಹಿಂಡು ನಿಂತಿತ್ತು. ಭಾವನ ಪುಳಿಯೋಗರೆಯ ತುತ್ತು ಕೈಯಲ್ಲೇ ಒಣಗಿತು. ಆ ರಾಷ್ಟ್ರೀಯ ಉದ್ಯಾನದಲ್ಲಿ ಕುದುರೆ ಹೆಚ್ಚಾದರೆ ಹುಲ್ಲಿನ ಆಸೆ ತೋರಿಸಿ ಬೇಲಿಯೊಳಗೆ ಹಿಡಿಯುತ್ತಾರಂತೆ. ಸಾಕುವವರು ಸಿಕ್ಕಿದ ಕುದುರೆ ಬದುಕುತ್ತದೆ, ಸಿಗದ ಕುದುರೆ ಕಸಾಯಿಖಾನೆಯ ಲಾರಿ ಹತ್ತುತ್ತದೆ. ಇದನ್ನು ಕೇಳಿದ ಭಾವ ಮುಂದಿನ ಶನಿವಾರ, ಹಾಗೆ ಹಿಡಿದ ಕುದುರೆಗಳನ್ನು ಪಳಗಿಸುವ ಫಾರ್ಮ್ ಒಂದಕ್ಕೆ ವಾಲಂಟಿಯರ್ ಆಗಿ ಹೊರಟೇಬಿಟ್ಟರು! ಕುದುರೆಯ ಅನುಭವ? ಚಿಕ್ಕಂದಿನಲ್ಲಿ ಟಾಂಗಾ ಹತ್ತಿದ್ದರು, ಅಷ್ಟೇ.

ಅಲ್ಲಿ ಅವರ ಪಾಲಿಗೆ ಬಂದದ್ದು ಹಣೆಯಲ್ಲಿ ಬಿಳಿ ಮಚ್ಚೆಯ ಒಂದು ಕಂದು ಗಂಡುಕುದುರೆ. ಭಾವ ತಮ್ಮ ಅಭ್ಯಾಸದಂತೆ "ಬಾರೋ ಇಲ್ಲಿ" ಎಂದರು. ಕುದುರೆ ಹಿಂಗಾಲೆತ್ತಿ ನೀರಿನ ಬಕೆಟ್ಟನ್ನು ಬೇಲಿಯಾಚೆ ಒದೆಯಿತು! ಭಾವನ ಜೀವ ಬಾಯಿಗೆ ಬಂತು. "ತಪ್ಪಾಯ್ತು, ಸಮಾಧಾನ ಮಾಡ್ಕೊಳ್ಳಿ... ಬನ್ನಿ, ನಿಧಾನವಾಗಿ ಬನ್ನಿ" ಎಂದು ಹೆದರಿ ಗೋಗರೆದರು. ಕುದುರೆ ಕಿವಿ ನಿಮಿರಿಸಿತು, ಒಂದು ಹೆಜ್ಜೆ ಮುಂದಿಟ್ಟಿತು. ಅಂದಿನಿಂದ ಅದಕ್ಕೆ ಬಹುವಚನ ಖಾಯಂ ಆಯಿತು. "ನೀರು ಕುಡಿದ್ರಾ? ಕಾಲು ಕೊಡ್ತೀರಾ ಸ್ವಲ್ಪ?" ಕೆಲವು ತಿಂಗಳಲ್ಲಿ ಎಷ್ಟೇ ದೂರವಿದ್ದರೂ "ಬನ್ನಿ" ಎಂದರೆ ಸಾಕು, ಓಡಿಬಂದು ಭಾವನ ಹೆಗಲಿಗೆ ಮೂತಿ ಒರಗಿಸುತ್ತಿತ್ತು. ಫಾರ್ಮ್‌ನವರು ಅದೇ ಕುದುರೆಯ ಹೆಸರೆಂದುಕೊಂಡು ಬೋರ್ಡಿನಲ್ಲಿ ಬರೆದೂ ಬಿಟ್ಟರು. ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. "ಡ್ಯಾಡ್, ಇಂಗ್ಲಿಷಲ್ಲಿ ಬನ್ನಿ ಅಂದ್ರೆ ರ್‍ಯಾಬಿಟ್!"

ಬ್ಲ್ಯಾಕ್‌ಟೌನ್‌ನ ಗೆಳೆಯರೊಬ್ಬರ ಮನೆಯ ಊಟದಲ್ಲಿ ಈ ವಿಷಯ ಜಗಳಕ್ಕೇ ಬಂತು. "ಅವು ಇಲ್ಲಿಯವಲ್ಲ, ಹಡಗಲ್ಲಿ ತಂದಿದ್ದು. ತುಳಿದು ತುಳಿದು ತೊರೆಗಳನ್ನೆಲ್ಲ ಹಾಳು ಮಾಡ್ತಿವೆ" ಎಂದರು ಗೆಳೆಯರು.

"ಇಲ್ಲೇ ಹುಟ್ಟಿರೋ ಕುದುರೆಗೆ ಇಲ್ಲಿ ಇರಕ್ಕೆ ಪಿಆರ್ ಇಲ್ಲ, ಮೊನ್ನೆ ಬಂದ ನಿನಗೆ ಇದೆ! ಇದ್ಯಾವ ನ್ಯಾಯಾನೋ?" ಎಂದು ಭಾವ ಗುಡುಗಿದರು.

ಹಠಕ್ಕೆ ಬಿದ್ದು ಬೆಟ್ಟಕ್ಕೇ ಹೋಗಿ ನೋಡಿಬಂದರು. ಬಂದವರ ಮುಖ ಸಣ್ಣಗಾಗಿತ್ತು. "ತೊರೆ ಬರೀ ಕೆಸರು ಕಣೆ, ಅವನು ಹೇಳಿದ್ದೂ ನಿಜ" ಎಂದರು ನನ್ನ ಹತ್ತಿರ. ಯಾರನ್ನು ಬೈಯಬೇಕೆಂದು ತಿಳಿಯದೆ ಭಾವ ಪೇಚಾಡಿದ್ದನ್ನು ನಾನು ಮೊದಲ ಸಲ ನೋಡಿದೆ.

ಅಷ್ಟರಲ್ಲಿ ಮೆಲ್ಬರ್ನ್ ಹತ್ತಿರ ಜಮೀನಿರುವ ಹೆಂಗಸೊಬ್ಬರು ಕುದುರೆಯನ್ನು ಸಾಕಲು ಒಪ್ಪಿದರು. ಭಾವ ಸಂತೋಷಪಡಬೇಕಿತ್ತು ತಾನೇ? "ನಮ್ಮ ಹಿತ್ತಲಲ್ಲೇ ಇಟ್ಕೊಂಡ್ರೆ?" ಎಂದರು. "ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಕ್ಕೇ ಜಾಗ ಇಲ್ಲ!" ಎಂದಳು ಅಕ್ಕ. ಈ ಕುದುರೆ ಜಾಗ ಖಾಲಿ ಮಾಡಿದರಷ್ಟೇ ಬೆಟ್ಟದಲ್ಲಿ ಹಿಡಿದ ಇನ್ನೊಂದಕ್ಕೆ ಫಾರ್ಮ್‌ನಲ್ಲಿ ಎಡೆ, ಇಲ್ಲದಿದ್ದರೆ ಅದು ಲಾರಿ ಹತ್ತಬೇಕು. ಅದು ಭಾವನಿಗೂ ಗೊತ್ತಿತ್ತು. ಚೆನ್ನಾಗಿ ಪಳಗಿಸಿದ್ದಕ್ಕೆ ಸಿಕ್ಕ ಬಹುಮಾನ ಅಗಲಿಕೆ!

ಕಳಿಸುವ ದಿನ ನಾನೂ ಹೋಗಿದ್ದೆ. ಕೊಂಡೊಯ್ಯಲು ಬಂದ ಗಾಡಿಗೆ ಹಲಗೆ ಇಳಿಜಾರಾಗಿ ಹಾಕಿದ್ದರು. ಕುದುರೆ ಅದರ ಮೇಲೆ ನಡೆದು ಅರ್ಧ ಒಳಗೆ ಹೋಗಿತ್ತು. ಹೊರಟವರಿಗೆ ನಾವೆಲ್ಲ ಬಾಗಿಲಲ್ಲಿ ನಿಂತು ಹೇಳುವ ಮಾತನ್ನೇ ಭಾವ ಹೇಳಿದರು. "ಹೋಗಿ ಬನ್ನಿ."

ಕುದುರೆಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಹಾಗೇ ಹಿಂದಕ್ಕೆ ನಡೆದು ಇಳಿದು ಬಂದು ಭಾವನ ಹೆಗಲಿಗೆ ಮೂತಿಯಿಟ್ಟಿತು.

ಎಲ್ಲರೂ ನಕ್ಕರು. ಮತ್ತೆ ಹತ್ತಿಸಿದರು. ಭಾವನ ಬಾಯಿಗೆ ಮತ್ತೆ ಅದೇ ಬಂತು, ಕುದುರೆಯೂ ಮತ್ತೆ ಬಂತು. ಈ ಸಲ ಯಾರೂ ನಗಲಿಲ್ಲ.

"ಬರೀ ಹೋಗಿ ಅನ್ನಿ ಭಾವ" ಎಂದೆ.

"ಮನೆಯವರಿಗೆ ಹಾಗನ್ನಬಾರದು ಕಣೆ" ಎಂದರು. ಬಹಳ ಹೊತ್ತು ಅದರ ಹಣೆ ಸವರಿದರು. ಕುದುರೆ ಮೂರನೆಯ ಸಲ ಹಲಗೆ ಹತ್ತಿದಾಗ ಭಾವ ಮುಖ ಆಚೆ ತಿರುಗಿಸಿಕೊಂಡು "ಹೋಗಿ" ಎಂದರು. ಗಾಡಿಯ ಬಾಗಿಲು ಮುಚ್ಚಿತು. ನನಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಶನಿವಾರ ಭಾವ ಮತ್ತೆ ಫಾರ್ಮ್‌ಗೆ ಹೋದರು. ಖಾಲಿಯಾದ ಜಾಗಕ್ಕೆ ಹೆಣ್ಣುಕುದುರೆಯೊಂದು ಬಂದಿತ್ತು. ಅದನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ.

ಕುದುರೆಯನ್ನು ಕಳಿಸಿ ಬಂದ ಸಂಜೆ ಅಕ್ಕ ಎಂದಿನಂತೆ "ಊಟಕ್ಕೆ ಬನ್ನಿ" ಎಂದಿದ್ದಳು. ಭಾವ ಎದ್ದು ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ. ಈಗ ಅಕ್ಕ ಹಾಗೆ ಕರೆಯುವುದಿಲ್ಲ. "ತಟ್ಟೆ ಹಾಕಿದೀನಿ ರೀ" ಅನ್ನುತ್ತಾಳೆ.